ನದಿಗೆ ಬಿದ್ದ ಎಣ್ಣೆ: ಉಪಗ್ರಹ ಕಂಡರೆ ಸಾಕೇ?

2020ರ ಮೇ 29ರಂದು ರಷ್ಯಾದ ನೊರಿಲ್ಸ್ಕ್ ನಗರದ ಬಳಿ ವಿದ್ಯುತ್ ಸ್ಥಾವರವೊಂದರ ಇಂಧನ ಟ್ಯಾಂಕ್ ಕುಸಿದು ಸುಮಾರು 21 ಸಾವಿರ ಟನ್ ಡೀಸೆಲ್ ಹೊರಚೆಲ್ಲಿತು. ಅದರಲ್ಲಿ ಬಹುಪಾಲು ನೀರಿಗೆ ಸೇರಿತು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಅಂಬರ್ನಾಯಾ ನದಿ ಕೆಂಪಾಗಿ ಕಾಣಿಸಿತು. ಆದರೆ ನಿಜಸ್ಥಿತಿ ತಮಗೆ ತಿಳಿದದ್ದು ಎರಡು ದಿನಗಳ ನಂತರ, ಅದೂ ಸಾಮಾಜಿಕ ಜಾಲತಾಣಗಳಿಂದ ಎಂದು ಆ ಪ್ರಾಂತದ ಗವರ್ನರ್ ಅಧ್ಯಕ್ಷ ಪುಟಿನ್ ಅವರೆದುರು ಹೇಳಬೇಕಾಯಿತು.

ದೂರಸಂವೇದಿ ತಂತ್ರಜ್ಞಾನದ ಶಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ರಾಡಾರ್ ಉಪಗ್ರಹಕ್ಕೆ ಮೋಡವಾಗಲಿ ಕತ್ತಲೆಯಾಗಲಿ ಅಡ್ಡಿಯಲ್ಲ. ಎಣ್ಣೆಯ ಪದರವು ನೀರಿನ ಕಿರುಅಲೆಗಳನ್ನು ಅಡಗಿಸುವುದರಿಂದ ಆ ಭಾಗ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಸಮುದ್ರದಲ್ಲಿ ಇದು ಪರೀಕ್ಷಿತ ವಿಧಾನ. ಯುರೋಪಿನ ದೇಶಗಳು 2007ರಿಂದಲೇ ಇಂತಹ ಕಣ್ಗಾವಲು ವ್ಯವಸ್ಥೆಯನ್ನು ನಡೆಸುತ್ತಿವೆ.

ನದಿಯ ಮಾತು ಬೇರೆ. ಗಾಳಿಯಿಲ್ಲದ ದಿನ ನಿಂತ ನೀರೂ ರಾಡಾರ್‌ಗೆ ಕಪ್ಪಾಗಿಯೇ ಕಾಣುತ್ತದೆ. ಸೆಂಟಿನೆಲ್-2 ಚಿತ್ರದ ಅತಿ ಸೂಕ್ಷ್ಮ ಚುಕ್ಕೆಯೂ ನೆಲದ ಮೇಲೆ 10 ಮೀಟರ್ ಅಗಲದ್ದು; ಕಿರುತೊರೆಯೊಂದು ಅದರಲ್ಲೇ ಅಡಗಿಹೋದೀತು. ಉಪಗ್ರಹ ಮರಳಿ ಬರುವಷ್ಟರಲ್ಲಿ ಪ್ರವಾಹವು ಎಣ್ಣೆಯನ್ನು ಬಹುದೂರ ಒಯ್ದಿರುತ್ತದೆ.

ನೆರೆಯ ಚೆನ್ನೈನ ಅನುಭವವನ್ನೂ ನೆನೆಯಬೇಕು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಕೊಸಸ್ತಲೈಯಾರ್ ನದಿ ಹಾಗೂ ಎಣ್ಣೂರು ಅಳಿವೆಯಲ್ಲಿ ಎಣ್ಣೆ ಹರಡಿತು. ಮೀನುಗಾರರ ದೋಣಿ, ಬಲೆಗಳು ಜಿಡ್ಡಿನಲ್ಲಿ ಮುಳುಗಿದವು. ಕೊನೆಗೆ ಆ ಎಣ್ಣೆಯನ್ನು ಬಾಚುವ ಕೆಲಸಕ್ಕೂ ಅವರೇ ಇಳಿಯಬೇಕಾಯಿತು.

ಉಪಕರಣಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 2022ರಲ್ಲಿ ಇಸ್ರೊ ಇಒಎಸ್-04 ರಾಡಾರ್ ಉಪಗ್ರಹವನ್ನು ಹಾರಿಸಿತು; 2025ರ ಜುಲೈನಲ್ಲಿ ನಾಸಾ ಜೊತೆಗೂಡಿ ನಿರ್ಮಿಸಿದ ನಿಸಾರ್ ಕಕ್ಷೆ ಸೇರಿತು. ಸೆಂಟಿನೆಲ್ ಚಿತ್ರಗಳಂತೂ ಎಲ್ಲರಿಗೂ ಉಚಿತ. ಕೊರತೆಯಿರುವುದು ಹೊಣೆಗಾರಿಕೆಯಲ್ಲಿ.

ಆದ್ದರಿಂದ ಮೂರು ಕ್ರಮಗಳು ತುರ್ತಾಗಿ ಆಗಬೇಕೆಂಬುದು ನನ್ನ ಅಭಿಪ್ರಾಯ. ಮೊದಲನೆಯದಾಗಿ, ತೈಲ ಶುದ್ಧೀಕರಣ ಘಟಕ, ಕೊಳವೆಮಾರ್ಗ ಮತ್ತು ಇಂಧನ ಸಂಗ್ರಹಾಗಾರಗಳಿಗೆ ಹೊಂದಿಕೊಂಡ ನದಿಪಾತ್ರಗಳನ್ನು ಗುರುತಿಸಿ, ಅವುಗಳ ಚಿತ್ರಗಳನ್ನು ನಿಯಮಿತವಾಗಿ ಪರಿಶೀಲಿಸಬೇಕು. ಎರಡನೆಯದಾಗಿ, ಶಂಕೆ ಮೂಡಿದ ಕೂಡಲೇ ಅಧಿಕಾರಿಗಳಿಗೂ ದಡದ ಮೀನುಗಾರರಿಗೂ ಏಕಕಾಲಕ್ಕೆ ಸೂಚನೆ ತಲುಪಬೇಕು. ಅವರು ಕಂಡದ್ದನ್ನು ದೂರೆಂದು ದಾಖಲಿಸಿಕೊಳ್ಳಬೇಕು. ಮೂರನೆಯದಾಗಿ, ಇಷ್ಟು ಗಂಟೆಗಳೊಳಗೆ ನೀರಿನ ಮಾದರಿ ಪಡೆಯಬೇಕೆಂಬ ಕಡ್ಡಾಯ ನಿಯಮವಿದ್ದು, ಅದರ ಫಲಿತಾಂಶ ಸಾರ್ವಜನಿಕವಾಗಬೇಕು.

ಉಪಗ್ರಹ ಸಾಕ್ಷಿ ನುಡಿಯಬಲ್ಲದು. ಆ ಸಾಕ್ಷ್ಯವನ್ನು ಕೇಳಿ ಕೂಡಲೇ ನದಿ ದಂಡೆಗೆ ಧಾವಿಸುವ ಹೊಣೆ ಯಾರದು ಎಂಬುದನ್ನು ಕಾನೂನು ನಿಗದಿಪಡಿಸದಿದ್ದರೆ, ಎಷ್ಟು ಉಪಗ್ರಹಗಳಿದ್ದರೂ ನದಿಗೆ ಪ್ರಯೋಜನವಿಲ್ಲ.