ಮರಿ ಪಾಂಡಾ ನೋಡಲು ಹೋದಾಗ

ಸಹೋದರಿಯರೇ, ನೀವು ಪಾಂಡಾ ನೋಡಿದ್ದೀರಾ? ಮಕ್ಕಳ ಶಾಲಾ ಚೀಲದ ಚಿತ್ರದಲ್ಲಲ್ಲ, ಕಣ್ಣಾರೆ. 2016ರ ಕೊನೆಯಲ್ಲಿ ಗೆಳತಿಯರಿಬ್ಬರೊಂದಿಗೆ ನಾನು ಕೌಲಾಲಂಪುರದ ಬಳಿಯ ಝೂ ನೆಗರಾಕ್ಕೆ ಹೋಗಿದ್ದೆ. ಹೊರಗೆ ಸೆಕೆ, ಪಾಂಡಾಗಳ ಮನೆಯೊಳಗೆ ಎ.ಸಿ.ಯ ತಂಪು. ತಾಯಿ ಲಿಯಾಂಗ್ ಲಿಯಾಂಗ್ ಕಾಲು ಚಾಚಿ ಕುಳಿತು ಬಿದಿರು ಸಿಗಿದು ತಿನ್ನುತ್ತಿತ್ತು. 2015ರ ಆಗಸ್ಟ್‌ನಲ್ಲಿ ಹುಟ್ಟಿದ ಮಗಳು ನುವಾನ್ ನುವಾನ್ ಅದರ ಬೆನ್ನೇರಲು ಹೋಗಿ ಉರುಳಿ ಬೀಳುತ್ತಿತ್ತು.

ಹುಟ್ಟುವಾಗ ಪಾಂಡಾ ಮರಿಯ ತೂಕ ಸುಮಾರು 100 ಗ್ರಾಂ ಅಷ್ಟೇ! ಅಂಗೈಯಲ್ಲಿ ಹಿಡಿಯಬಹುದು. ಕಣ್ಣು ತೆರೆದಿರುವುದಿಲ್ಲ. ಅಷ್ಟು ದೊಡ್ಡ ತಾಯಿ ಅದನ್ನು ಎದೆಗವಚಿಕೊಂಡು ಮೊದಲ ಕೆಲವು ದಿನ ಮೇವು, ನೀರಿಗೂ ಏಳುವುದಿಲ್ಲ. ಸುಬ್‌ಹಾನಲ್ಲಾಹ್! (ಬಾಣಂತಿಗೆ ಕಷಾಯ ಕಾಯಿಸಿ ಕೊಡಲು ಅಲ್ಲಿ ಯಾರಿದ್ದಾರೆ?)

“ಒಪ್ಪಂದದ ಪ್ರಕಾರ ಮರಿಯನ್ನು ಚೀನಾಕ್ಕೆ ಕಳುಹಿಸಬೇಕಂತೆ” ಎಂದೆ. ಒಬ್ಬಳು ಗೆಳತಿಯ ಮುಖ ಬಾಡಿತು. ಅವಳ 9 ವರ್ಷದ ಮಗ ಊರಿನ ಹಾಸ್ಟೆಲಿನಲ್ಲಿದ್ದ. ಸೇರಿಸಿದ್ದು ಯಜಮಾನರು.

“ತಾಯಿಯನ್ನು ಯಾರಾದರೂ ಕೇಳಿದರಾ?” ಎಂದಳು.

ಕಾಡಿನಲ್ಲೂ ಪಾಂಡಾ ಮರಿ ಒಂದೂವರೆ, ಎರಡು ವರ್ಷಕ್ಕೆ ತಾಯಿಯಿಂದ ಬೇರೆಯಾಗುತ್ತದೆ. ಆ ಲೆಕ್ಕ ನನಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಮನುಷ್ಯರ ಮಕ್ಕಳಿಗೆ ಅದು ಹೊಂದುವುದೂ ಇಲ್ಲ ಬಿಡಿ. ಅವಳು ಆ ರಾತ್ರಿಯೇ ಯಜಮಾನರೊಂದಿಗೆ ಮಾತನಾಡಿದಳಂತೆ.

2017ರ ನವೆಂಬರ್‌ನಲ್ಲಿ ನುವಾನ್ ನುವಾನ್ ಚೀನಾಕ್ಕೆ ಹೊರಟಿತು. ಅದಕ್ಕೂ ಮೊದಲೇ ರಜೆಗೆಂದು ಬಂದಿದ್ದ ಗೆಳತಿಯ ಮಗ ಮತ್ತೆ ಹಾಸ್ಟೆಲಿಗೆ ಮರಳಲಿಲ್ಲ.