ಹಳೆ ಬೈಕಿನ 'ಗುಣ' ಎಂಬ ನೆಪ

ಭಾನುವಾರ ಅಬಿಡ್ಸ್‌ನಲ್ಲಿ ಅಂಗಡಿಗಳ ಶಟರ್ ಮುಚ್ಚಿರುತ್ತದೆ, ಫುಟ್‌ಪಾತಿನಲ್ಲಿ ಹಳೆ ಪುಸ್ತಕಗಳು ಹರಡಿಕೊಳ್ಳುತ್ತವೆ. ಪುಸ್ತಕದವರು ಗಂಟು ಬಿಚ್ಚುವ ಮುಂಚಿನ ಒಂದು ಗಂಟೆಯನ್ನು ನಮ್ಮ ಹಳೆ ಬೈಕಿನ ಗೆಳೆಯರು ತಮ್ಮದೇ ಅಂದುಕೊಂಡಿದ್ದಾರೆ. ಜಿಪಿಒ ಸರ್ಕಲ್ಲಿನಿಂದ ಕೋಠಿ ಕಡೆಗೆ ಇಬ್ಬರಿಬ್ಬರಾಗಿ ಬಿಡುತ್ತಾರೆ. ಕೇಳಿದರೆ, ರೇಸ್ ಅಲ್ಲವಂತೆ, ಸುಮ್ಮನೆ ಒಂದು ಓಟವಂತೆ.

ನಾನೂ ಓಡಿಸಿದವನೇ. ನನ್ನದು ಮೈಸೂರಿನ ಯೆಜ್ಡಿ. (ಊರಲ್ಲಿ ಅದನ್ನು ಜಾವಾ ಅಂತಲೇ ಕರೆಯುತ್ತಾರೆ, ಟ್ಯಾಂಕಿನ ಮೇಲೆ ಏನೇ ಬರೆದಿರಲಿ.) ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಪರಊರಲ್ಲಿ ಆ ಸದ್ದು ಕೇಳಿದರೆ ನನಗೂ ಎದೆ ಉಬ್ಬುತ್ತದೆ. ಆದರೆ ಆ ಹೆಮ್ಮೆಯಿಂದ ಬ್ರೇಕ್ ಹಿಡಿಯುವುದಿಲ್ಲ.

ನಮ್ಮವರು ಪ್ರತಿ ದೋಷಕ್ಕೂ 'ಅದರ ಗುಣ' ಅನ್ನುತ್ತಾರೆ. ಯಾವ ಗುಣ ಸ್ವಾಮಿ? ಜಾವಾ, ಯೆಜ್ಡಿಗಳಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಅದನ್ನು ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತದೆ. ತಿರುವಿನಲ್ಲಿ ಬೂಟಿನ ಭಾರ ಅದರ ಮೇಲೆ ಬಿದ್ದರೆ ಹಿಂಚಕ್ರದ ಎಳೆತ ತಪ್ಪುತ್ತದೆ. ಟೂ ಸ್ಟ್ರೋಕ್ ಆದ್ದರಿಂದ ಥ್ರಾಟಲ್ ಬಿಟ್ಟರೂ ಎಂಜಿನ್ ಹೆಚ್ಚು ತಡೆಯುವುದಿಲ್ಲ. ಪೆಟ್ರೋಲಿನ ಜೊತೆಗೇ ಆಯಿಲ್ ಹೋಗಬೇಕು, ಅದು ಕಡಿಮೆಯಾಗಿ ಪಿಸ್ಟನ್ ಕಚ್ಚಿಕೊಂಡರೆ ಹಿಂಚಕ್ರವೇ ನಿಂತುಬಿಡುತ್ತದೆ. ಅದಕ್ಕೇ ಹಳಬರು ಎರಡು ಬೆರಳು ಸದಾ ಕ್ಲಚ್ ಮೇಲೆ ಇಟ್ಟು ಓಡಿಸುತ್ತಿದ್ದರು. ಹಳೆ ಬುಲೆಟ್ಟಿನಲ್ಲಂತೂ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ವಾರವಿಡೀ ಹೊಸ ಬೈಕು ಓಡಿಸಿದವನು ಗಾಬರಿಯಲ್ಲಿ ಬಲಗಾಲು ತುಳಿದರೆ ಬ್ರೇಕಿನ ಬದಲು ಮೇಲಿನ ಗೇರು ಬೀಳುತ್ತದೆ. ಇನ್ನು ಆರ್‌ಡಿ 350. ಎಸ್ಕಾರ್ಟ್ಸ್‌ನವರು ಇಲ್ಲಿ ಮಾಡಿದ ಆ ಬಾಣಕ್ಕೆ ಮುಂದೆಯೂ ಡ್ರಮ್ ಬ್ರೇಕೇ. ನಾಲ್ಕು ಸಲ ಗಟ್ಟಿಯಾಗಿ ಹಿಡಿದರೆ ಡ್ರಮ್ ಕಾದು ಹಿಗ್ಗುತ್ತದೆ, ಲಿವರ್ ಹ್ಯಾಂಡಲ್ಲಿಗೆ ತಾಗುತ್ತದೆ, ಬೈಕು ಮಾತ್ರ ಹೋಗುತ್ತಲೇ ಇರುತ್ತದೆ.

ಜುಲೈನ ಒಂದು ಭಾನುವಾರ, ರಾತ್ರಿಯೆಲ್ಲ ಮಳೆ. ನನ್ನ ಡ್ರಮ್ಮಿನೊಳಗೆ ನೀರು ಹೊಕ್ಕಿತ್ತು. ಮುಂದಿನ ಬ್ರೇಕ್ ಹಿಡಿದೆ, ಏನೂ ಆಗಲಿಲ್ಲ. ಹಿಂದಿನದು ತುಳಿದೆ, ಬಾಲ ಜಾರಿತು. ಫುಟ್‌ಪಾತ್ ಹತ್ತಿ ಪುಸ್ತಕದ ಗಂಟಿಗೆ ಗುದ್ದಿ ನಿಂತೆ. ಗಂಟಿನ ಆಚೆ ಒಬ್ಬ ಮುದುಕ ಕುಕ್ಕರಗಾಲಲ್ಲಿ ಕೂತು ಹಗ್ಗ ಬಿಚ್ಚುತ್ತಿದ್ದ. ಗಂಟು ಇಲ್ಲದಿದ್ದರೆ ಅವನೇ. ಗೆಳೆಯರು ಬಂದು ಮೊದಲು ನೋಡಿದ್ದು ನನ್ನ ಫೋರ್ಕ್ ಬಾಗಿದೆಯೋ ಎಂದು.

ಐಲ್ ಆಫ್ ಮ್ಯಾನ್‌ನಲ್ಲೂ ಊರ ರಸ್ತೆಯಲ್ಲೇ ಓಡಿಸುತ್ತಾರಲ್ಲ ಎಂದು ಒಬ್ಬ ವಾದಿಸಿದ. ಹೌದು, ಸುಮಾರು 60 ಕಿಲೋಮೀಟರ್ ರಸ್ತೆಯನ್ನು ಕಾನೂನಿನ ಪ್ರಕಾರ ಮುಚ್ಚಿ, ಮಾರ್ಷಲ್‌ಗಳನ್ನು ನಿಲ್ಲಿಸಿ ಓಡಿಸುತ್ತಾರೆ. ಅಷ್ಟಾದರೂ ಅಲ್ಲಿ ಇದುವರೆಗೆ 250ಕ್ಕೂ ಹೆಚ್ಚು ಸವಾರರು ಸತ್ತಿದ್ದಾರೆ. ಅವರು ಹೆಸರು ಬರೆಸಿ, ಗೊತ್ತಿದ್ದೇ ಹೋದವರು. ಹಗ್ಗ ಬಿಚ್ಚುತ್ತಿದ್ದ ಮುದುಕ ಎಲ್ಲಿ ಹೆಸರು ಬರೆಸಿದ್ದ?

ರೇಸ್ ಬೇಡವೆಂದಲ್ಲ. ಮದ್ರಾಸಿನವರು ಶೋಲಾವರಂನ ಹಳೆ ವಿಮಾನದ ಓಟಪಟ್ಟಿಯಲ್ಲಿ ದಶಕಗಟ್ಟಲೆ ಓಡಿಸಿದರು, ಆಮೇಲೆ ಇರುಂಗಾಟ್ಟುಕೋಟೈನಲ್ಲಿ ಟ್ರ್ಯಾಕನ್ನೇ ಕಟ್ಟಿಕೊಂಡರು. ನಮ್ಮ ಹೈದರಾಬಾದಿನಲ್ಲೇ 2023ರ ಫೆಬ್ರವರಿಯಲ್ಲಿ ಫಾರ್ಮುಲಾ ಇ ಬಂದಾಗ ಹುಸೇನ್ ಸಾಗರದ ಪಕ್ಕದ ರಸ್ತೆ ಮುಚ್ಚಿ ಗೋಡೆ ನಿಲ್ಲಿಸಿದ್ದರು. ಹತ್ತಿಪ್ಪತ್ತು ಜನ ಸೇರಿ ಟ್ರ್ಯಾಕಿನಲ್ಲಿ ಒಂದು ದಿನ ಬಾಡಿಗೆಗೆ ಹಿಡಿಯೋಣ ಅಂದೆ. ದುಬಾರಿ ಅಂದರು. ಕ್ರೋಮ್ ಮಾಡಿಸುವಾಗ ಯಾರೂ ಹಾಗಂದದ್ದು ನಾನು ಕೇಳಿಲ್ಲ.

ಮುದುಕ ಬೈಯಲಿಲ್ಲ. ಟೈರಿನ ಗುರುತು ಬಿದ್ದ ಮೂರು ಪುಸ್ತಕ ಎತ್ತಿ, 'ಯೇ ತೀನ್ ಆಪ್ ಕೇ' ಅಂದ. ದುಡ್ಡು ಕೊಟ್ಟು ತಂದೆ.