ನಂಬಿಕೆ ಮತ್ತು ನಂಬಿಗಸ್ತಿಕೆ

ನಮ್ಮ ಕ್ರೈಸ್ತ ಸಭೆಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು 'ಆತ್ಮಿಕ ಬೆಳವಣಿಗೆ'. ಮಾತು ಒಳ್ಳೆಯದೇ. ಆದರೆ ಅದನ್ನು ಅಳೆಯಲು ನಾವು ಹಿಡಿದಿರುವ ಅಳತೆಗೋಲು ಸರಿಯಾದುದಲ್ಲವೆಂಬುದು ನನ್ನ ಅಭಿಪ್ರಾಯ. ಸತ್ಯವೇದದ ಎಷ್ಟು ಅಧ್ಯಾಯ ಓದಿದಿರಿ, ಎಷ್ಟು ದಿನ ಉಪವಾಸವಿದ್ದಿರಿ, ಎಷ್ಟು ಕೂಟಗಳಿಗೆ ಬಂದಿರಿ, ಪ್ರಾರ್ಥಿಸುವಾಗ ಕಣ್ಣೀರು ಬಂದಿತೇ ಇಲ್ಲವೇ? ಎಲ್ಲವೂ ನಮ್ಮ ಕಡೆಯ ಲೆಕ್ಕ. ಮೂರು ದಶಕಗಳ ಕಾಲ ಅಂಕಪಟ್ಟಿ ಬರೆದು ಕೈ ಸವೆಸಿಕೊಂಡವನು ನಾನು. ಅಂಕಪಟ್ಟಿಯ ಮಿತಿ ಏನೆಂಬುದು ನನಗೆ ಚೆನ್ನಾಗಿಯೇ ತಿಳಿದಿದೆ.

ಈ ಲೆಕ್ಕಾಚಾರ ಬರಿಯ ತಮಾಷೆಯ ವಿಷಯವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮ ಬಂಧುವರ್ಗದಲ್ಲಿಯೇ ಒಬ್ಬ ಹೆಣ್ಣುಮಗಳ ಗಂಡ ಮೂತ್ರಪಿಂಡದ ಕಾಯಿಲೆಯಿಂದ ಎರಡು ವರ್ಷ ನರಳಿ ತೀರಿಕೊಂಡರು. ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ, ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕುಳಿತು ಪ್ರಾರ್ಥಿಸಿದವಳು ಆಕೆ. ಸಾಂತ್ವನ ಹೇಳಲು ಬಂದ ಬೋಧಕರೊಬ್ಬರು, ಇನ್ನೊಂದಿಷ್ಟು ನಂಬಿಕೆ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಎಂದು ಹೇಳಿ, ಕಾಫಿ ಕುಡಿದು ಹೋದರು. ಆಕೆ ಒಂದು ವರ್ಷ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಜನ ಆಕೆಗೆ ದೇವರ ಮೇಲೆ ಕೋಪವೆಂದುಕೊಂಡರು. ಹಾಗಲ್ಲ, ತನ್ನ ಗಂಡನನ್ನು ತಾನೇ ಕೊಂದೆನೆಂದು ಆಕೆ ನಂಬಿಬಿಟ್ಟಿದ್ದಳು.

ಆ ಬೋಧಕರು ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ಓದಿರಲೇಬೇಕು. ಅಲ್ಲಿ ತನ್ನ ಮಗನನ್ನು ಯೇಸುವಿನ ಬಳಿಗೆ ತಂದ ತಂದೆ, ತನಗೆ ನಂಬಿಕೆಯೂ ಉಂಟು, ಅಪನಂಬಿಕೆಯೂ ಉಂಟು ಎಂದು ಒಪ್ಪಿಕೊಂಡು ಸಹಾಯಕ್ಕಾಗಿ ಕೂಗಿಕೊಳ್ಳುತ್ತಾನೆ. ಯೇಸು ಅವನ ನಂಬಿಕೆಯನ್ನು ತೂಗಿ ನೋಡಿ ಹಿಂದಕ್ಕೆ ಕಳುಹಿಸಲಿಲ್ಲ, ಹುಡುಗ ಗುಣಹೊಂದಿದ. ಇತ್ತ ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲದ ಬಗ್ಗೆ ಮೂರು ಸಾರಿ ಬೇಡಿಕೊಂಡರೂ ಅದು ತೊಲಗಲಿಲ್ಲ. ಪೌಲನಿಗೆ ನಂಬಿಕೆ ಸಾಲದಾಯಿತೆಂದು ಹೇಳುವ ಧೈರ್ಯ ಯಾರಿಗಿದೆ?

ಭಾಷೆಯನ್ನು ಕಲಿಸಿದವನಾದ್ದರಿಂದ ಪದಗಳ ಕಡೆಗೆ ಮನಸ್ಸು ಹೋಗುವುದು ನನ್ನ ಹಳೆಯ ಚಾಳಿ. ಕನ್ನಡ ಸತ್ಯವೇದದಲ್ಲಿ ಮನುಷ್ಯನದು 'ನಂಬಿಕೆ', ದೇವರು 'ನಂಬಿಗಸ್ತ'. ಎರಡೂ 'ನಂಬು' ಎಂಬ ಒಂದೇ ಧಾತುವಿನಿಂದ ಬಂದವು. ಗ್ರೀಕಿನಲ್ಲಿಯೂ ಹೀಗೆಯೇ: ನಂಬಿಕೆಗೆ 'ಪಿಸ್ತಿಸ್', ನಂಬಿಗಸ್ತನಿಗೆ 'ಪಿಸ್ತೋಸ್'. ಹೀಬ್ರೂ ಭಾಷೆಯ 'ಎಮೂನಾ' ಎಂಬ ಪದ ಇನ್ನೂ ಸ್ವಾರಸ್ಯಕರವಾದುದು. ನಾವು ಪ್ರಾರ್ಥನೆಯ ಕೊನೆಗೆ ಹೇಳುವ 'ಆಮೆನ್' ಕೂಡ ಅದೇ ಮೂಲದ್ದು. ಅಲುಗಾಡದೆ ಗಟ್ಟಿಯಾಗಿ ನಿಲ್ಲುವುದು ಎಂಬ ಭಾವ ಅದರಲ್ಲಿದೆ.

ವಿಮೋಚನಕಾಂಡದ 17ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಅಮಾಲೇಕ್ಯರೊಂದಿಗೆ ಯುದ್ಧ ಮಾಡುತ್ತಿರುವಾಗ ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತಿರುತ್ತಾನೆ. ಕೈ ಸೋತು ಕೆಳಗಿಳಿಯುತ್ತದೆ. ಆಗ ಆರೋನನೂ ಹೂರನೂ ಒಂದು ಕಲ್ಲನ್ನು ತಂದು ಅವನನ್ನು ಕುಳ್ಳಿರಿಸಿ, ಆಚೆಗೊಬ್ಬ ಈಚೆಗೊಬ್ಬ ನಿಂತು ಅವನ ಕೈಗಳಿಗೆ ಆಧಾರವಾಗುತ್ತಾರೆ. ಸೂರ್ಯ ಮುಳುಗುವ ತನಕ ಆ ಕೈಗಳು ಸ್ಥಿರವಾಗಿದ್ದವು ಎನ್ನುವಲ್ಲಿ ಮೂಲದಲ್ಲಿರುವ ಪದವೇ 'ಎಮೂನಾ'. ಕೈಗಳು ಮೋಶೆಯವು, ಸ್ಥಿರತೆ ಮಾತ್ರ ಅವನದಲ್ಲ! ಈ ಒಂದು ಪ್ರಯೋಗ ನನಗೆ ಎಷ್ಟೋ ಪ್ರಸಂಗಗಳಿಗಿಂತ ಹೆಚ್ಚಿನದನ್ನು ಕಲಿಸಿದೆ.

ಇದೇ ಪದ ಪ್ರಲಾಪಗಳ ಮೂರನೆಯ ಅಧ್ಯಾಯದಲ್ಲಿ ದೇವರ ನಂಬಿಗಸ್ತಿಕೆಯನ್ನು ಹೇಳುವಾಗ ಬರುತ್ತದೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟು, ದೇವಾಲಯವನ್ನು ಕೆಡವಿದ ಮೇಲಿನ ಗೋಳು ಅದು. 66 ವಚನಗಳ ಆ ಅಧ್ಯಾಯದಲ್ಲಿ ದೇವರ ಕರುಣೆ ಪ್ರತಿ ಮುಂಜಾನೆ ಹೊಸದು ಎಂಬರ್ಥದ ಮಾತು ಬರುವುದು 22 ಮತ್ತು 23ನೆಯ ವಚನಗಳಲ್ಲಿ. ನಾವು ಅಷ್ಟನ್ನೇ ಕತ್ತರಿಸಿ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುತ್ತೇವೆ. ಮುಂದೆ ಓದಿದರೆ ಅಳು ನಿಂತಿಲ್ಲ. ಐದನೆಯ ಅಧ್ಯಾಯ ಮುಗಿಯುವಾಗಲೂ ಉತ್ತರ ದೊರೆತಿಲ್ಲ. ದುಃಖ ತೀರಿದ ಮೇಲೆ ಹುಟ್ಟಿದ ನಂಬಿಕೆಯಲ್ಲ ಅದು.

ಈ ವಚನಗಳನ್ನು ಆಧರಿಸಿ 1923ರಲ್ಲಿ ದೇವರ ನಂಬಿಗಸ್ತಿಕೆಯ ಕುರಿತು ಪ್ರಸಿದ್ಧವಾದ ಇಂಗ್ಲಿಷ್ ಕೀರ್ತನೆಯನ್ನು ರಚಿಸಿದವರು ಅಮೆರಿಕದ ಥಾಮಸ್ ಚಿಜಮ್. ಕೆಂಟಕಿಯಲ್ಲಿ 1866ರಲ್ಲಿ ಹುಟ್ಟಿದ ಅವರು ಹದಿನಾರನೆಯ ವಯಸ್ಸಿಗೇ ತಾವು ಓದಿದ ಶಾಲೆಯಲ್ಲಿಯೇ ಮೇಷ್ಟರಾದರು (ನಮ್ಮ ಜಾತಿಯವರೇ ಎಂದು ಹೆಮ್ಮೆ!). ಬಳಿಕ ಮೆಥೋಡಿಸ್ಟ್ ಸಭಾಪಾಲಕರಾದರೂ ಅನಾರೋಗ್ಯದಿಂದ ಒಂದೇ ವರ್ಷದಲ್ಲಿ ಆ ಸೇವೆಯನ್ನು ಬಿಟ್ಟು, ವಿಮೆಯ ವ್ಯವಹಾರ ಮಾಡಿಕೊಂಡು ಸಣ್ಣ ವರಮಾನದಲ್ಲಿ ಬದುಕಿದರು. 1960ರಲ್ಲಿ ನಿಧನರಾದರು. ಆ ಕೀರ್ತನೆಯ ಹಿಂದೆ ಪವಾಡವೂ ಇಲ್ಲ, ದೊಡ್ಡ ದುರಂತವೂ ಇಲ್ಲ, ದಿನದಿನದ ಬದುಕಷ್ಟೇ. ನಮ್ಮ ಸಾಕ್ಷಿಕೂಟಗಳಲ್ಲಿ ಇಂಥವರಿಗೆ ಮೈಕ್ ಸಿಗುವುದು ಕಷ್ಟ.

ಎಲ್ಲವನ್ನೂ ದೇವರೇ ನೋಡಿಕೊಳ್ಳುವುದಾದರೆ ನಾವು ಸುಮ್ಮನೆ ಕುಳಿತಿರಬಹುದೇ ಎಂದು ಕೆಲವರು ವಾದಿಸುತ್ತಾರೆ. ಮಾರ್ಕನ ಸುವಾರ್ತೆಯಲ್ಲಿ ಮಾತ್ರ ಕಂಡುಬರುವ ಒಂದು ಸಾಮ್ಯವಿದೆ. ರೈತ ಬೀಜ ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಹೇಗೆ ಬೆಳೆಯಿತೆಂಬುದು ಅವನಿಗೆ ಗೊತ್ತಿಲ್ಲ. ಅವನು ಸೋಮಾರಿಯಲ್ಲ, ಬಿತ್ತಿದ್ದೂ ಅವನೇ, ಕಾಲ ಬಂದಾಗ ಕುಡುಗೋಲು ಹಿಡಿಯುವವನೂ ಅವನೇ. ನಡುವಿನದು ಅವನ ಕೈಯಲ್ಲಿಲ್ಲ. ಎಂಟನೆಯ ತರಗತಿಯವರಿಂದ ಒಮ್ಮೆ ಡಬ್ಬಿಗಳಲ್ಲಿ ಅವರೆಕಾಳು ಬಿತ್ತಿಸಿದ್ದೆ. ಒಬ್ಬ ಹುಡುಗ ಬೇರು ಬಂದಿದೆಯೇ ಎಂದು ದಿನವೂ ಮಣ್ಣು ಕೆದಕಿ ನೋಡುತ್ತಿದ್ದ. ಅವನ ಕಾಳು ಮಾತ್ರ ಕೊಳೆಯಿತು. ಆ ಹುಡುಗ ಈಗ ಈ ಬರಹಗಳನ್ನು ಓದುತ್ತಾನಾದ್ದರಿಂದ ಹೆಸರು ಹೇಳುವುದಿಲ್ಲ.

ಆದ್ದರಿಂದ ಉಪವಾಸ, ಪ್ರಾರ್ಥನೆ, ವಾಕ್ಯಪಠಣ ಬೇಡವೆಂದು ನಾನು ಹೇಳುತ್ತಿಲ್ಲ; ಅವು ಬಿತ್ತನೆ. ಬೆಳೆಗೆ ನಾವೇ ಜಾಮೀನು ನಿಲ್ಲಲಾರೆವು. ತಂದೆತಾಯಿಗಳಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಕಾಲೇಜಿಗೆ ಹೋಗುವ ಮಗ ತನಗೆ ಪ್ರಾರ್ಥಿಸಲು ಆಗುತ್ತಿಲ್ಲವೆಂದು ಹೇಳಿದರೆ ಅವನನ್ನು ವಿಚಾರಣೆಗೆ ನಿಲ್ಲಿಸಬೇಡಿ. ಅವನ ಪರವಾಗಿ ನೀವು ಕೆಲವು ಕಾಲ ಪ್ರಾರ್ಥಿಸಿ. ಸಾವಿನ ಮನೆಗೆ ಹೋದಾಗ ನಂಬಿಕೆಯ ಪ್ರಮಾಣದ ಮಾತನ್ನೇ ಎತ್ತಬೇಡಿ.

ನಾನು ಹೇಳಿದ ಆ ಹೆಣ್ಣುಮಗಳ ಮನೆಗೆ ಸಭೆಯ ಇಬ್ಬರು ವಯಸ್ಸಾದ ಹೆಂಗಸರು ಪ್ರತಿ ಗುರುವಾರ ಹೋಗುತ್ತಿದ್ದರು. ಉಪದೇಶ ಮಾಡುತ್ತಿರಲಿಲ್ಲ. ಸೊಪ್ಪು ಬಿಡಿಸಿಕೊಡುತ್ತಿದ್ದರು, ಮಕ್ಕಳಿಗೆ ಊಟಕ್ಕೆ ಬಡಿಸುತ್ತಿದ್ದರು, ಹೊರಡುವಾಗ ಆಕೆಯ ಪರವಾಗಿ ತಾವೇ ಎರಡು ಮಾತು ಪ್ರಾರ್ಥಿಸುತ್ತಿದ್ದರು. ಆಕೆ 'ಆಮೆನ್' ಎಂದಷ್ಟೇ ಹೇಳುತ್ತಿದ್ದಳಂತೆ, ಕೆಲವು ವಾರ ಅದೂ ಇಲ್ಲ.